ಪುಟಕ್ಕೆ ತಕ್ಕ ಸ್ಟೈಲ್‌ಶೀಟ್: ನಿರ್ಧಾರ ಯಾರದು, ಯಾವಾಗ?

ನಿಮ್ಮ ಹಕ್ಕಿ ಚಿತ್ರಗಳ ತಾಣದ ಕಥೆ ಓದಿ ನಗು ಬಂತು. ಬೇಸರ ಮಾಡಿಕೊಳ್ಳಬೇಡಿ, ಇದೇ ಹಳ್ಳಕ್ಕೆ ನಾನೂ ಬಿದ್ದು ಎದ್ದವನು. ನೀವು ಬರೆದದ್ದು ನನಗೆ ಅರ್ಥವಾದದ್ದು ಹೀಗೆ: ಪಿಎಚ್‌ಪಿಯಲ್ಲಿ (ಸರ್ವರ್‌ನಲ್ಲಿ ಓಡಿ ಪುಟ ತಯಾರಿಸುವ ಭಾಷೆ) ಕಟ್ಟಿದ ತಾಣ, ಎಲ್ಲ ಕೋರಿಕೆಗಳೂ ಒಂದೇ ಇಂಡೆಕ್ಸ್ ಫೈಲಿನ ಮೂಲಕ ಹಾಯುತ್ತವೆ, ವಿಳಾಸ ನೋಡಿ ಗ್ಯಾಲರಿ, ಹಕ್ಕಿಯ ವಿವರ, ಟಿಪ್ಪಣಿಗಳ ಪಟ್ಟಿ ಈ ಮೂರರಲ್ಲಿ ಒಂದು ಪುಟ ತಯಾರಾಗುತ್ತದೆ. ಮೊದಲು 3,000 ಸಾಲಿನ ಒಂದೇ ಸ್ಟೈಲ್‌ಶೀಟ್ (ಪುಟದ ಬಣ್ಣ, ಅಳತೆ, ಜೋಡಣೆ ಹೇಳುವ ಸಿಎಸ್‌ಎಸ್ ಫೈಲ್) ಇತ್ತು. ಗ್ಯಾಲರಿಯದು ಗ್ಯಾಲರಿಗೆ ಮಾತ್ರ ಹೋಗಲಿ ಎಂದು ಅದನ್ನು ಒಡೆದು, ಪುಟ ತೆರೆದ ಮೇಲೆ ಜಾವಾಸ್ಕ್ರಿಪ್ಟ್‌ನಿಂದ ಸೇರಿಸಿದಿರಿ. ಈಗ ಪುಟ ಅರೆಗಳಿಗೆ ಬೆತ್ತಲಾಗಿ ನಿಂತು ಆಮೇಲೆ ಬಟ್ಟೆ ತೊಡುತ್ತಿದೆ. ಇದರ ಮೇಲೆ ಕತ್ತಲೆ ಬಣ್ಣದ ಆಯ್ಕೆಯೂ ಬೇಕು.

ಎರಡು ಬೇರೆ ಪ್ರಶ್ನೆಗಳನ್ನು ನೀವು ಒಂದೇ ಹಗ್ಗದಲ್ಲಿ ಕಟ್ಟಿದ್ದೀರಿ. ಇದು ಯಾವ ಪುಟ ಎಂಬುದು ಸರ್ವರ್‌ಗೆ ಗೊತ್ತು, ಪುಟವನ್ನು ತಯಾರಿಸುವುದೇ ಅದು. ನೋಡುವವರ ಪರದೆ ಎಷ್ಟು ಅಗಲ, ಅವರಿಗೆ ಕತ್ತಲೆ ಬೇಕೋ ಬೆಳಕು ಬೇಕೋ, ಅವರು ಕಾಗದಕ್ಕೆ ಮುದ್ರಿಸುತ್ತಿದ್ದಾರೋ ಎಂಬುದು ಬ್ರೌಸರ್‌ಗೆ ಗೊತ್ತು. ಮೊದಲನೆಯದನ್ನು ಸರ್ವರ್‌ನಲ್ಲಿ, ಹೆಡ್ (ಪರದೆಯ ಮೇಲೆ ಕಾಣದ, ಪುಟದ ಮಾಹಿತಿ ಹೊತ್ತ ತಲೆಭಾಗ) ಬರೆಯುವ ಮುಂಚೆಯೇ ತೀರ್ಮಾನಿಸಿ. ಎರಡನೆಯದಕ್ಕೆ ಸರ್ವರ್ ಕೈಹಾಕುವುದೇ ಬೇಡ.

ಮೊದಲು ಆ ಬೆತ್ತಲೆ ಕ್ಷಣದ ವಿಷಯ. ಹೆಡ್‌ನಲ್ಲಿ ಸ್ಟೈಲ್‌ಶೀಟ್‌ನ ವಿಳಾಸ ಹೇಳುವ ಲಿಂಕ್ ಟ್ಯಾಗ್ ಕಂಡಾಗ ಬ್ರೌಸರ್ ಆ ಸ್ಟೈಲ್‌ಶೀಟ್ ಬರುವವರೆಗೆ ಪರದೆಯ ಮೇಲೆ ಏನನ್ನೂ ಬಿಡಿಸದೆ ಕಾಯುತ್ತದೆ. ಈ ಕಾಯುವಿಕೆಯನ್ನು ಎಲ್ಲರೂ ಬೈಯುತ್ತಾರೆ, ಆದರೆ ಪುಟದ ಮಾನ ಉಳಿಸುವುದೂ ಅದೇ. ನೀವು ಪುಟವೆಲ್ಲ ಬಂದ ಮೇಲೆ ಸ್ಕ್ರಿಪ್ಟ್‌ನಿಂದ ಲಿಂಕ್ ಸೇರಿಸಿದಾಗ ಬ್ರೌಸರ್‌ಗೆ ಕಾಯಲು ಕಾರಣವೇ ಇರಲಿಲ್ಲ. ಇದ್ದದ್ದನ್ನು ಇದ್ದಹಾಗೆ ತೋರಿಸಿತು. ಹಾಗಾಗಿ ಗ್ಯಾಲರಿಯ ಲಿಂಕ್ ಟ್ಯಾಗ್ ಸರ್ವರ್ ಕಳುಹಿಸುವ ಎಚ್‌ಟಿಎಂಎಲ್‌ನ ಹೆಡ್‌ನಲ್ಲೇ ಇರಬೇಕು.

ಅದಕ್ಕೆ ನಿಮಗಿರುವ ಅಡ್ಡಿ, ತಲೆಭಾಗದ ಟೆಂಪ್ಲೇಟ್ (ಪುಟದ ಅಚ್ಚು) ಮೊದಲು ಹೊರಬೀಳುತ್ತದೆ, ಯಾವ ಪುಟ ಎಂಬುದು ಆಮೇಲೆ ತಿಳಿಯುತ್ತದೆ. ಸರಿ, ಹಾಗಾದರೆ ಕ್ರಮವನ್ನೇ ತಿರುಗಿಸಿ. ಇಂಡೆಕ್ಸ್ ಫೈಲಿನ ಮೊದಲ ಕೆಲಸ ವಿಳಾಸ ನೋಡಿ ಪುಟದ ಹೆಸರನ್ನು ಗೊತ್ತುಮಾಡುವುದು. ಎರಡನೆಯದು ಒಂದು ಪಟ್ಟಿ ನೋಡುವುದು. ಆ ಪಟ್ಟಿ ಹೆಚ್ಚುಕಡಿಮೆ ಹೀಗಿರುತ್ತದೆ (ಎಡಕ್ಕೆ ಪುಟ, ಬಲಕ್ಕೆ ಅದಕ್ಕೆ ಬೇಕಾದ ಸ್ಟೈಲ್‌ಶೀಟ್‌ಗಳು; ಹಿಗ್ಗುಚಿತ್ರ ಎಂದರೆ ಒತ್ತಿದಾಗ ಹಿಗ್ಗುವ ಚಿತ್ರ):

ಗ್ಯಾಲರಿ → ಮೂಲ, ಚಿತ್ರಜಾಲ, ಹಿಗ್ಗುಚಿತ್ರ
ವಿವರ → ಮೂಲ, ಲೇಖನ, ಹಿಗ್ಗುಚಿತ್ರ
ಟಿಪ್ಪಣಿಗಳು → ಮೂಲ, ಕೋಷ್ಟಕ
ಉಳಿದ ಯಾವುದೇ ಆದರೂ → ಮೂಲ

ಮೂರನೆಯ ಕೆಲಸವಾಗಿ ತಲೆಭಾಗದ ಟೆಂಪ್ಲೇಟನ್ನು ಕರೆಯಿರಿ. ಅದು ಆ ಸಾಲನ್ನು ಲೂಪ್‌ನಲ್ಲಿ ಸುತ್ತಿ ಹೆಸರಿಗೊಂದು ಲಿಂಕ್ ಟ್ಯಾಗ್ ಬರೆಯುತ್ತದೆ, ಅಷ್ಟೇ. ಟೆಂಪ್ಲೇಟಿನೊಳಗೆ ‘ಈ ಪುಟವಾದರೆ ಇದು, ಆ ಪುಟವಾದರೆ ಅದು’ ಎಂಬ ಇಫ್‌ಗಳ ಸಾಲು ಹಾಕಬೇಡಿ. ಮೂರು ಪುಟಕ್ಕೆ ಮುದ್ದಾಗಿ ಕಾಣುತ್ತದೆ. ಹತ್ತಾದಾಗ ಅದನ್ನು ಮುಟ್ಟಲು ನಿಮಗೇ ಭಯವಾಗುತ್ತದೆ. (ಹೆಸರುಗಳನ್ನು ಕನ್ನಡದಲ್ಲಿ ಬರೆದದ್ದು ತಮಾಷೆಗಲ್ಲ. ಪಿಎಚ್‌ಪಿಯ ವೇರಿಯಬಲ್ ಆಗಲಿ ಸಿಎಸ್‌ಎಸ್‌ನ ಕ್ಲಾಸ್ ಆಗಲಿ ಕನ್ನಡ ಲಿಪಿಯ ಹೆಸರನ್ನು ತಕರಾರಿಲ್ಲದೆ ಒಪ್ಪುತ್ತವೆ. ಫೈಲಿನ ಹೆಸರಿಗೆ ಮಾತ್ರ ನಾನು ಆ ಸಾಹಸ ಮಾಡುವುದಿಲ್ಲ, ವಿಳಾಸದಲ್ಲಿ ಅದು ಶೇಕಡಾ ಚಿಹ್ನೆಗಳ ಕಾಡಾಗುತ್ತದೆ.)

ಕೆಲವು ಸಲ ಪುಟದ ಹೆಸರೊಂದೇ ಸಾಲದು. ವಿವರದ ಪುಟದಲ್ಲಿ ಕೆಲವು ಹಕ್ಕಿಗಳಿಗೆ ನಕ್ಷೆ ಇದೆ, ಕೆಲವಕ್ಕೆ ಇಲ್ಲ ಎಂದಿದ್ದೀರಿ. ನಕ್ಷೆ ಇದೆಯೇ ಎಂಬುದು ಪುಟದ ಒಡಲು (ಬಾಡಿ) ತಯಾರಾಗುವಾಗಷ್ಟೇ ತಿಳಿಯುತ್ತದೆ. ಆಗ ಒಡಲನ್ನೇ ಮೊದಲು ತಯಾರಿಸಿ, ಆದರೆ ಕಳುಹಿಸದೆ ಹಿಡಿದಿಟ್ಟುಕೊಳ್ಳಿ. ಪಿಎಚ್‌ಪಿಯ ಔಟ್‌ಪುಟ್ ಬಫರ್ ಇರುವುದು ಇದಕ್ಕೇ: ಬಫರ್ ತೆರೆದು, ಒಡಲಿನ ಟೆಂಪ್ಲೇಟ್ ಓಡಿಸಿ, ಬಂದದ್ದನ್ನು ಒಂದು ವೇರಿಯಬಲ್‌ಗೆ ತುಂಬಿ ಬಫರ್ ಮುಚ್ಚಿ. ಒಡಲು ಓಡುವಾಗ ನಕ್ಷೆಯ ತುಣುಕು ‘ನನಗೆ ನಕ್ಷೆಯ ಶೈಲಿ ಬೇಕು’ ಎಂದು ಪಟ್ಟಿಗೆ ಒಂದು ಹೆಸರು ಸೇರಿಸಿರುತ್ತದೆ. ಆಮೇಲೆ ತಲೆಭಾಗ ಬರೆಯಿರಿ, ಅದರ ಕೆಳಗೆ ಹಿಡಿದಿಟ್ಟ ಒಡಲನ್ನು ಸುರಿಯಿರಿ. ಪಟ್ಟಿಗೆ ಸೇರಿಸುವಾಗ ಹೆಸರನ್ನೇ ಕೀಲಿಯಾಗಿ ಬಳಸಿ. ಒಂದೇ ಪುಟದಲ್ಲಿ ಎರಡು ನಕ್ಷೆಗಳಿದ್ದರೂ ಲಿಂಕ್ ಒಂದೇ ಬರುತ್ತದೆ.

ಒಂದು ಎಚ್ಚರಿಕೆ. ವಿಳಾಸದಲ್ಲಿ ಬಂದ ಪದವನ್ನು ನೇರವಾಗಿ ಫೈಲಿನ ಹೆಸರಿಗೆ ಅಂಟಿಸಬೇಡಿ. ನೀವು ಹಾಕಿದ ತುಣುಕಿನಲ್ಲಿ ಅದೇ ಆಗಿದೆ. ಟೆಂಪ್ಲೇಟನ್ನು ಇನ್‌ಕ್ಲೂಡ್ ಮಾಡುವ ಕಡೆ ಹಾಗೆ ಮಾಡಿದರೆ, ಚುಕ್ಕಿ ಚುಕ್ಕಿ ಸ್ಲ್ಯಾಶ್ ಸೇರಿಸಿಕೊಂಡು ಯಾರಾದರೂ ಸರ್ವರ್‌ನ ಬೇರೆ ಫೋಲ್ಡರ್‌ಗೆ ಇಣುಕಬಹುದು. ಲಿಂಕ್ ಟ್ಯಾಗಿನೊಳಗೆ ಹಾಗೆ ಮಾಡಿದರೆ, ಉದ್ಧರಣ ಚಿಹ್ನೆ ಮುರಿದು ತಮ್ಮ ಸ್ಕ್ರಿಪ್ಟನ್ನು ನಿಮ್ಮ ಪುಟದೊಳಗೆ ತೂರಿಸಬಹುದು. ಮೇಲಿನ ಪಟ್ಟಿಯಲ್ಲಿ ಇರುವ ಹೆಸರಾದರೆ ಮಾತ್ರ ಮುಂದಕ್ಕೆ ಬಿಡಿ, ಇಲ್ಲದಿದ್ದರೆ ‘ಉಳಿದ ಯಾವುದೇ’ ಸಾಲಿಗೆ ಕಳುಹಿಸಿ. ಪಟ್ಟಿಯೇ ಕಾವಲುಗಾರ.

ಇನ್ನು ನಿಮ್ಮ ‘ಮುಖಪುಟದಲ್ಲಿ ಸರಿ, ವಿವರದ ಪುಟದಲ್ಲಿ ಸ್ಟೈಲೇ ಇಲ್ಲ’ ಎಂಬ ದೂರು. ಇದಕ್ಕೂ ಯಾವ ಪುಟಕ್ಕೆ ಯಾವ ಸ್ಟೈಲ್‌ಶೀಟ್ ಎಂಬ ಷರತ್ತಿಗೂ ಸಂಬಂಧವಿಲ್ಲ. ನಿಮ್ಮ ಲಿಂಕ್‌ನ ವಿಳಾಸ ಸ್ಲ್ಯಾಶ್ ಇಲ್ಲದೆ ಫೋಲ್ಡರ್ ಹೆಸರಿನಿಂದ ಶುರುವಾಗಿದೆ. ಪುಟದ ವಿಳಾಸ ‘/ಹಕ್ಕಿ/12’ ಆದಾಗ ಬ್ರೌಸರ್ ಆ ಫೋಲ್ಡರನ್ನು ‘/ಹಕ್ಕಿ/’ ಒಳಗೆ ಹುಡುಕುತ್ತದೆ. ಅಲ್ಲಿ ಅಂಥದ್ದೇನೂ ಇಲ್ಲ. ಆದರೆ ನಿಮ್ಮ ಇಂಡೆಕ್ಸ್ ಫೈಲ್ ಎಲ್ಲ ಕೋರಿಕೆಗೂ ಉತ್ತರ ಕೊಡುವ ಉದಾರಿ, ಆದ್ದರಿಂದ ಸ್ಟೈಲ್‌ಶೀಟ್ ಕೇಳಿದ ಬ್ರೌಸರ್‌ಗೆ ಎಚ್‌ಟಿಎಂಎಲ್ ಪುಟವೊಂದನ್ನು ಕೊಟ್ಟು ಕಳುಹಿಸುತ್ತದೆ. ಕನ್ಸೋಲ್‌ನಲ್ಲಿ ‘ಮೈಮ್ ಟೈಪ್’ (ಬಂದ ವಸ್ತುವಿನ ಬಗೆ) ಎಂದು ಕೆಂಪಕ್ಷರದ ದೂರು ಕಾಣುವುದು ಅದಕ್ಕೇ: ಬಂದ ವಸ್ತು ‘ಟೆಕ್ಸ್ಟ್/ಸಿಎಸ್‌ಎಸ್’ ಅಲ್ಲ ಎಂದು ಬ್ರೌಸರ್ ಅದನ್ನು ಪಕ್ಕಕ್ಕೆ ಸರಿಸಿದೆ. ಲಿಂಕ್‌ನ ವಿಳಾಸವನ್ನು ಸ್ಲ್ಯಾಶ್‌ನಿಂದ ಶುರುಮಾಡಿದರೆ ತಾಣದ ಬುಡದಿಂದಲೇ ಹುಡುಕುತ್ತದೆ, ಮುಗಿಯಿತು. ಮುಂದೊಂದು ದಿನ ಸ್ಟೈಲ್‌ಶೀಟನ್ನೇ ಪಿಎಚ್‌ಪಿಯಿಂದ ತಯಾರಿಸಲು ಹೊರಟರೂ ಇದೇ ದೂರು ಬರುತ್ತದೆ, ಏಕೆಂದರೆ ಪಿಎಚ್‌ಪಿ ತಾನಾಗಿ ಎಲ್ಲವನ್ನೂ ಎಚ್‌ಟಿಎಂಎಲ್ ಎಂದೇ ಸಾರುತ್ತದೆ. ಇದು ಯಾವ ಬಗೆಯ ವಸ್ತು ಎಂದು ತಿಳಿಸುವ ಕಂಟೆಂಟ್ ಟೈಪ್ ಹೆಡರನ್ನು ನೀವೇ ಕಳುಹಿಸಬೇಕು.

ಕತ್ತಲೆ ಬಣ್ಣಕ್ಕೆ ಬರೋಣ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಆಯ್ಕೆಯನ್ನು ಕುಕಿಯಲ್ಲಿ (ಬ್ರೌಸರ್ ಪ್ರತಿ ಕೋರಿಕೆಯೊಂದಿಗೆ ಸರ್ವರ್‌ಗೆ ಕಳುಹಿಸುವ ಚಿಕ್ಕ ಚೀಟಿ) ಇಟ್ಟು, ಸರ್ವರ್‌ನಲ್ಲಿ ಕುಕಿ ಓದಿ, ಕತ್ತಲೆಯ ಫೈಲನ್ನೋ ಬೆಳಕಿನದನ್ನೋ ಹೆಡ್‌ನಲ್ಲಿ ಬರೆಯುತ್ತಿದ್ದೆ. ನನ್ನ ಕಂಪ್ಯೂಟರಿನಲ್ಲಿ ತಿಂಗಳುಗಟ್ಟಲೆ ಸರಿಯಾಗಿ ನಡೆಯಿತು. ತಾಣದ ಮುಂದೆ ಪುಟಗಳ ಕ್ಯಾಶ್ (ತಯಾರಾದ ಪುಟವನ್ನು ಉಳಿಸಿಟ್ಟು ಮತ್ತೆ ಕೊಡುವ ವ್ಯವಸ್ಥೆ) ಹಾಕಿದ ದಿನ ಎಲ್ಲರಿಗೂ ಕತ್ತಲಾಯಿತು. ಕ್ಯಾಶ್ ಖಾಲಿ ಮಾಡಿದ ಮೇಲೆ ಮೊದಲು ಬಂದವರು ಯಾರೋ ಕತ್ತಲೆ ಆರಿಸಿಕೊಂಡಿದ್ದವರು. ಅವರಿಗಾಗಿ ತಯಾರಾದ ಪುಟವೇ ಎಲ್ಲರ ಪಾಲಿಗೂ ಬಂತು. ಒಂದೇ ವಿಳಾಸಕ್ಕೆ ಕುಕಿಯನ್ನು ನೋಡಿ ಬೇರೆ ಬೇರೆ ಪುಟ ಕೊಡುವುದಾದರೆ ಉತ್ತರದ ಜೊತೆ ಹೋಗುವ ‘ವೇರಿ’ ಹೆಡರ್‌ನಲ್ಲಿ ಅದನ್ನು ಕ್ಯಾಶ್‌ಗೆ ತಿಳಿಸಬೇಕು. ಆದರೆ ಕುಕಿ ಎಂದು ತಿಳಿಸಿದರೆ ಕುಕಿಗಳು ಒಬ್ಬರಿಗೊಬ್ಬರಿಗೆ ಬೇರೆಯಾದ್ದರಿಂದ ಕ್ಯಾಶ್ ಇದ್ದೂ ಇಲ್ಲದಂತೆ. ಮೊಬೈಲೋ ಕಂಪ್ಯೂಟರೋ ಎಂದು ಯೂಸರ್ ಏಜೆಂಟ್ (ಬ್ರೌಸರ್ ತನ್ನ ಬಗ್ಗೆ ಹೇಳಿಕೊಳ್ಳುವ ಸಾಲು) ಓದಿ ಸ್ಟೈಲ್‌ಶೀಟ್ ಬದಲಿಸುವ ಹಳೆಯ ವಿಧಾನಕ್ಕೂ ಇದೇ ರೋಗ.

ಬಣ್ಣದ ವ್ಯತ್ಯಾಸಕ್ಕೆ ಎರಡನೇ ಫೈಲೇ ಬೇಡ. ಮೂಲ ಫೈಲಿನಲ್ಲಿ ಹಿನ್ನೆಲೆ, ಅಕ್ಷರ, ಗೆರೆ, ಕೊಂಡಿ ಇವುಗಳ ಬಣ್ಣವನ್ನು ಕಸ್ಟಮ್ ಪ್ರಾಪರ್ಟಿಗಳಾಗಿ (ಹೆಸರಿಟ್ಟು ಬೇಕಾದೆಡೆ ಬಳಸುವ ಬೆಲೆಗಳು) ಒಂದೆಡೆ ಬರೆಯಿರಿ. ಉಳಿದೆಲ್ಲ ನಿಯಮಗಳೂ ಅವನ್ನೇ ಬಳಸಲಿ. ಕತ್ತಲೆಗೆ ಆ ಐದಾರು ಸಾಲುಗಳನ್ನು ಮಾತ್ರ ಮತ್ತೆ ಬರೆದರೆ ಸಾಕು: ಒಮ್ಮೆ ನೋಡುವವರಿಗೆ ಕತ್ತಲೆ ಬೇಕೋ ಎಂದು ಕೇಳುವ ‘ಪ್ರಿಫರ್ಸ್-ಕಲರ್-ಸ್ಕೀಮ್’ ಎಂಬ ಮೀಡಿಯಾ ಕ್ವೆರಿಯೊಳಗೆ, ಇನ್ನೊಮ್ಮೆ ಎಚ್‌ಟಿಎಂಎಲ್ ಟ್ಯಾಗಿನ ಮೇಲೆ ನೀವಿಡುವ ಡೇಟಾ ಗುರುತಿಗೆ. ಬೆಳಕನ್ನು ಆರಿಸಿಕೊಂಡ ಗುರುತಿದ್ದಲ್ಲಿ ಮೀಡಿಯಾ ಕ್ವೆರಿ ಅನ್ವಯಿಸದಂತೆ ‘ನಾಟ್’ ಸೇರಿಸುವುದನ್ನು ಮರೆಯಬೇಡಿ. ಗುಂಡಿ ಒತ್ತಿದಾಗ ಆ ಗುರುತನ್ನು ಬದಲಿಸಿ ಲೋಕಲ್ ಸ್ಟೋರೇಜ್‌ನಲ್ಲಿ (ಬ್ರೌಸರಿನೊಳಗಿನ ಸಂಗ್ರಹ) ಬರೆದಿಡಿ. ಮುಂದಿನ ಸಲ ಪುಟ ತೆರೆದಾಗ ಅದನ್ನು ಓದಿ ಗುರುತು ಹಚ್ಚುವ ಎರಡು ಸಾಲಿನ ಸ್ಕ್ರಿಪ್ಟ್ ಹೆಡ್‌ನಲ್ಲಿ, ಸ್ಟೈಲ್‌ಶೀಟ್‌ಗಳಿಗಿಂತ ಮೇಲೆ, ಪುಟದೊಳಗೇ ಇರಬೇಕು. ಪುಟದ ಬುಡದಲ್ಲಿಟ್ಟರೆ ಕತ್ತಲೆ ಕೋಣೆಯಲ್ಲಿ ಕುಳಿತವರ ಕಣ್ಣಿಗೆ ಬಿಳಿ ಮಿಂಚು ಹೊಡೆಯುತ್ತದೆ.

ಮೀಡಿಯಾ ಗುಣವನ್ನು ಲಿಂಕ್ ಟ್ಯಾಗಿನ ಮೇಲೂ ಹಾಕಬಹುದು. ‘ಪ್ರಿಂಟ್’ ಎಂದು ಹಾಕಿದ ಫೈಲ್ ಮುದ್ರಣಕ್ಕೆ ಮಾತ್ರ ಅನ್ವಯಿಸುತ್ತದೆ. ಆದರೆ ಹೊಂದದ ಫೈಲನ್ನು ಬ್ರೌಸರ್ ಇಳಿಸಿಕೊಳ್ಳುವುದೇ ಇಲ್ಲ ಎಂದು ನೀವು ಊಹಿಸಿದ್ದು ತಪ್ಪು. ಇಳಿಸಿಕೊಳ್ಳುತ್ತದೆ, ಕಡಿಮೆ ಆದ್ಯತೆಯಲ್ಲಿ, ಪುಟವನ್ನು ತಡೆಯದೆ. ಲಾಭ ಇರುವುದು ತಡೆಯದಿರುವುದರಲ್ಲಿ, ಬೈಟುಗಳ ಉಳಿತಾಯದಲ್ಲಲ್ಲ. ನಿಮ್ಮ ಟಿಪ್ಪಣಿಗಳ ಕೋಷ್ಟಕದ ಮುದ್ರಣಕ್ಕೆ ಇಷ್ಟು ಸಾಕು.

ಒಬ್ಬರು ಕೆಳಗೆ ಐಇಯ (ಹಳೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್) ಷರತ್ತು ಕಾಮೆಂಟ್ ಬಳಸಿ ಎಂದು ಸಲಹೆ ಕೊಟ್ಟಿದ್ದಾರೆ. ಅದನ್ನು 2012ರ ಐಇ 10ರಲ್ಲೇ ತೆಗೆದುಹಾಕಲಾಯಿತು. ಬಿಟ್ಟುಬಿಡಿ. ಒಂದು ಫೈಲಿನೊಳಗಿಂದ ಇನ್ನೊಂದನ್ನು ಇಂಪೋರ್ಟ್ ಮಾಡುವುದೂ ಬೇಡ. ಮೊದಲನೆಯದು ಬಂದು ಓದಿದ ಮೇಲಷ್ಟೇ ಎರಡನೆಯದಿದೆ ಎಂಬುದು ಬ್ರೌಸರ್‌ಗೆ ತಿಳಿಯುವುದರಿಂದ ಒಂದರ ಹಿಂದೊಂದು ಕಾಯಬೇಕಾಗುತ್ತದೆ.

ಸ್ಕ್ರಿಪ್ಟ್‌ನಿಂದ ಲಿಂಕ್ ಸೇರಿಸುವುದು ಎಲ್ಲಿಯೂ ಬೇಡವೇ? ಒಂದು ಕಡೆ ಬೇಕು. ಗ್ಯಾಲರಿಯಿಂದ ವಿವರಕ್ಕೆ ಹೋಗುವಾಗ ಪೂರ್ತಿ ಪುಟ ತೆರೆಯದೆ ನಡುವಿನ ಭಾಗವನ್ನಷ್ಟೇ ತಂದು ಬದಲಿಸುತ್ತಿದ್ದೀರಲ್ಲ, ಅಲ್ಲಿ. ಆಗ ಹೆಡ್ ಹಳೆಯ ಪುಟದ್ದೇ ಆಗಿರುತ್ತದೆ. ಕ್ರಮ ಹೀಗಿರಲಿ: ಹೊಸ ಭಾಗ ಬಂದ ಕೂಡಲೇ ಪರದೆಗೆ ಹಾಕಬೇಡಿ. ಅದಕ್ಕೆ ಬೇಕಾದ ಸ್ಟೈಲ್‌ಶೀಟ್ ಈಗಾಗಲೇ ಹೆಡ್‌ನಲ್ಲಿದೆಯೇ ನೋಡಿ. ಇಲ್ಲದಿದ್ದರೆ ಲಿಂಕ್ ಸೃಷ್ಟಿಸಿ ಸೇರಿಸಿ, ಅದರ ‘ಲೋಡ್’ ಘಟನೆ ಬರುವವರೆಗೆ ಕಾದು, ಆಮೇಲೆ ಭಾಗವನ್ನು ಬದಲಿಸಿ. ‘ಎರರ್’ ಘಟನೆಗೂ ಕಿವಿಗೊಡಿ. ಇಲ್ಲದಿದ್ದರೆ ಸ್ಟೈಲ್‌ಶೀಟ್ ಬಾರದ ದಿನ ಹಕ್ಕಿಯೂ ಬರುವುದಿಲ್ಲ. ಅಲಂಕಾರವಿಲ್ಲದ ಹಕ್ಕಿ, ಇಲ್ಲದ ಹಕ್ಕಿಗಿಂತ ಮೇಲು. ಹಳೆಯ ಲಿಂಕನ್ನು ತೆಗೆಯುವುದಾದರೆ ಎಲ್ಲ ಮುಗಿದ ಮೇಲೆ ತೆಗೆಯಿರಿ. ನಾನಂತೂ ತೆಗೆಯುವುದೇ ಇಲ್ಲ.

ತೆಗೆಯದೆ ಬಿಟ್ಟರೆ ಒಂದರ ನಿಯಮ ಇನ್ನೊಂದಕ್ಕೆ ತಾಗುವುದಿಲ್ಲವೇ ಎಂದರೆ, ತಾಗುತ್ತದೆ, ನೀವು ಬರೆದಿರುವ ರೀತಿಯಲ್ಲಿ. ನಿಮ್ಮ ಚಿತ್ರಜಾಲದ ಫೈಲಿನಲ್ಲಿ ಬರಿಯ ‘ಇಮೇಜ್’ ಟ್ಯಾಗಿಗೆ ಅಗಲ ಕೊಟ್ಟಿದ್ದೀರಿ. ಅದು ವಿವರದ ಪುಟದ ಚಿತ್ರಗಳನ್ನೂ ಹಿಂಡುತ್ತದೆ. ಆಯಾ ಭಾಗದ ಹೊರಪೆಟ್ಟಿಗೆಯ ಕ್ಲಾಸ್ ಮುಂದಿಟ್ಟು ಪ್ರತಿ ನಿಯಮವನ್ನೂ ಅದರೊಳಗೇ ಕಟ್ಟಿಹಾಕಿ. ಇನ್ನೊಂದು ಗೊಂದಲವೂ ಇಲ್ಲೇ ಬಗೆಹರಿಯಲಿ: ಎರಡು ನಿಯಮಗಳ ತೂಕ ಸಮವಾದಾಗ ಗೆಲ್ಲುವುದು ತಡವಾಗಿ ಇಳಿದ ಫೈಲಿನದಲ್ಲ, ದಾಖಲೆಯಲ್ಲಿ ಕೆಳಗಿರುವ ಲಿಂಕಿನದು. ಸೇರಿಸಿದ ಕ್ರಮದ ತಲೆನೋವೇ ಬೇಡವೆಂದರೆ ಕ್ಯಾಸ್ಕೇಡ್ ಲೇಯರ್‌ಗಳಿವೆ. 2022ರಿಂದ ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಸಿಗುತ್ತವೆ. ಮೂಲ ಫೈಲಿನ ಮೊದಲ ಸಾಲಿನಲ್ಲೇ ‘ಮೂಲ, ಭಾಗ, ಪುಟ’ ಎಂದು ಪದರಗಳ ಕ್ರಮ ಘೋಷಿಸಿ, ಪ್ರತಿ ಫೈಲನ್ನೂ ಅದರದರ ಪದರದಲ್ಲಿ ಬರೆದರೆ, ಯಾವ ಫೈಲ್ ಯಾವಾಗ ಬಂದರೂ ಮೇಲುಗೈ ಯಾರದು ಎಂಬುದು ಬದಲಾಗುವುದಿಲ್ಲ.

ವರ್ಡ್‌ಪ್ರೆಸ್‌ನಲ್ಲಿ ಇದನ್ನೇ ಹೇಗೆ ಮಾಡುವುದು ಎಂದು ಕೇಳಿದವರಿಗೆ ಎರಡು ಮಾತು. ಎನ್‌ಕ್ಯೂ ಮಾಡುವ (ಸ್ಟೈಲ್‌ಶೀಟನ್ನು ಸರದಿಗೆ ಸೇರಿಸುವ) ಹುಕ್‌ನೊಳಗೆ ಪುಟದ ಜಾತಿ ಕೇಳುವ ಷರತ್ತು ಹಾಕಿದರೆ ಆಯಿತು. ಶಾರ್ಟ್‌ಕೋಡ್ (ಲೇಖನದೊಳಗೆ ಬರೆಯುವ ಕಿರು ಆಜ್ಞೆ) ಓಡುವಾಗ ಎನ್‌ಕ್ಯೂ ಮಾಡಿದರೆ ಹೊತ್ತು ಮೀರಿರಬಹುದು, ಹೆಡ್ ಹೊರಟುಹೋಗಿ ಸ್ಟೈಲ್‌ಶೀಟ್ ಪುಟದ ಬುಡಕ್ಕೆ ಬೀಳಬಹುದು. ಲೇಖನದಲ್ಲಿ ಆ ಶಾರ್ಟ್‌ಕೋಡ್ ಇದೆಯೇ ಎಂದು ಹುಕ್‌ನಲ್ಲೇ ಮುಂಚಿತವಾಗಿ ಕೇಳುವ ಫಂಕ್ಷನ್ ಇದೆ, ಅದನ್ನು ಬಳಸಿ.

ಕೊನೆಗೆ, ಇದಿಷ್ಟೂ ಬೇಕೇ ಎಂದು ಅಳೆದು ನೋಡಿ. 3,000 ಸಾಲು ಕೇಳಲು ದೊಡ್ಡದು. ಆದರೆ ಸಿಎಸ್‌ಎಸ್‌ನಲ್ಲಿ ಅವೇ ಪದಗಳು ಮತ್ತೆ ಮತ್ತೆ ಬರುವುದರಿಂದ ಜಿಜಿಪ್ (ಕಳುಹಿಸುವ ಮುಂಚೆ ಫೈಲನ್ನು ಒತ್ತಿ ಚಿಕ್ಕದಾಗಿಸುವ ವಿಧಾನ) ಅದನ್ನು ಚೆನ್ನಾಗಿ ಕುಗ್ಗಿಸುತ್ತದೆ, ಒಮ್ಮೆ ಇಳಿದದ್ದು ಬ್ರೌಸರ್‌ನ ಕ್ಯಾಶ್‌ನಲ್ಲಿ ಉಳಿಯುತ್ತದೆ. ಕ್ರೋಮ್‌ನ ಡೆವಲಪರ್ ಟೂಲ್‌ಗಳಲ್ಲಿ ‘ಕವರೇಜ್’ ತೆರೆದು ಪ್ರತಿ ಪುಟದಲ್ಲಿ ಎಷ್ಟು ಭಾಗ ಬಳಕೆಯಾಗಿಲ್ಲ ನೋಡಿ. ಮೌಸ್ ಇಟ್ಟಾಗ, ಕಿರುಪರದೆಯಲ್ಲಿ ಕೆಲಸಕ್ಕೆ ಬರುವ ನಿಯಮಗಳನ್ನೂ ಅದು ‘ಬಳಸಿಲ್ಲ’ ಎಂದೇ ತೋರಿಸುತ್ತದೆ, ಗಾಬರಿಯಾಗಿ ಅಳಿಸಬೇಡಿ. ನನ್ನ ಅಂದಾಜಿನಲ್ಲಿ ನಿಮಗೆ ಬೇರ್ಪಡಿಸಲು ಯೋಗ್ಯವಾದವು ಎರಡೇ: ನಕ್ಷೆಯದು ಮತ್ತು ಹಿಗ್ಗುಚಿತ್ರದ್ದು. ಎರಡೂ ಹೊರಗಿನಿಂದ ತಂದವು, ದಪ್ಪನೆಯವು. ಉಳಿದದ್ದನ್ನು ಮತ್ತೆ ಒಂದು ಫೈಲಿಗೆ ಸೇರಿಸಿ, ಬಾಡಿ ಟ್ಯಾಗಿಗೆ ಪುಟದ ಹೆಸರಿನ ಕ್ಲಾಸ್ ಹಚ್ಚಿ, ವ್ಯತ್ಯಾಸಗಳನ್ನು ಅದರ ಕೆಳಗೆ ಬರೆಯಿರಿ. ಲಿಂಕ್ ವಿಳಾಸದ ಬಾಲಕ್ಕೆ ಫೈಲ್ ಬದಲಾದ ಸಮಯವನ್ನು ಅಂಟಿಸಿ, ಇಲ್ಲದಿದ್ದರೆ ‘ನನಗೆ ಇನ್ನೂ ಹಳೆಯದೇ ಕಾಣುತ್ತಿದೆ’ ಎಂಬ ಸಂದೇಶಗಳಿಗೆ ಉತ್ತರಿಸುತ್ತಾ ಕೂರಬೇಕಾಗುತ್ತದೆ.

ಪಟ್ಟಿ ಮತ್ತು ಬಫರ್‌ನ ಭಾಗ ಮಾಡಿದ ಮೇಲೆ ಹೊಸ ತುಣುಕನ್ನು ಇಲ್ಲಿ ಹಾಕಿ, ನೋಡುತ್ತೇನೆ. ಜೊತೆಗೆ ವಿವರದ ಪುಟದ ಹೆಡ್ ಹೇಗೆ ಹೊರಬಂದಿದೆ ಎಂಬುದನ್ನೂ ಹಾಕಿ. ಟೆಂಪ್ಲೇಟ್ ಅಲ್ಲ, ಬ್ರೌಸರ್‌ಗೆ ತಲುಪಿದ್ದು.