ಸೂತಕದ ಮನೆಯಲ್ಲಿ ಓಲಗವೇ?

ಮಾನ್ಯರೇ,

ದೈತ್ಯ ಯುದ್ಧಯಂತ್ರಗಳ ಕಥೆ ಹೇಳುವ ಜಪಾನೀ ಅನಿಮೆ (ಆನಿಮೇಷನ್) ಸರಣಿ ‘ಗುಂಡಮ್ ಡಬಲ್ ಝೀಟಾ’ದ ಮೊದಲ ಹನ್ನೊಂದು ಕಂತುಗಳನ್ನು ನೋಡಿ ಕಳೆದ ಸಂಚಿಕೆಯಲ್ಲಿ ನಾನು ಬರೆದಿದ್ದ ಟಿಪ್ಪಣಿಯ ಬಗ್ಗೆ ನೀವು ಕಳುಹಿಸಿದ ನಾಲ್ಕು ಪುಟಗಳ ಪತ್ರ ತಲುಪಿತು. ‘ಝೀಟಾ ಗುಂಡಮ್’ ಮುಗಿಸಿದ ಮರುದಿನವೇ ಅದರ ಮುಂದಿನ ಭಾಗಕ್ಕೆ ಕೈಹಾಕಿದಿರೆಂದೂ, ಆರು ಕಂತು ದಾಟುವಷ್ಟರಲ್ಲಿ ಸೂತಕದ ಮನೆಯಲ್ಲಿ ಓಲಗ ಊದಿಸಿದಂತಾಗಿ ನಿಲ್ಲಿಸಿಬಿಟ್ಟಿರೆಂದೂ ಬರೆದಿದ್ದೀರಿ. ಇಂಥದ್ದನ್ನು ನಾನು ‘ಹಗುರವಾದರೂ ಹಗುರಾಗದ ಕಥೆ’ ಎಂದದ್ದು ಬರೀ ಮಾತಿನ ಚಮತ್ಕಾರ ಎಂಬುದು ನಿಮ್ಮ ಆಕ್ಷೇಪ. ಅಚ್ಚಾದ ಮೇಲೆ ಆ ಸಾಲು ನನಗೂ ಹಿಡಿಸಲಿಲ್ಲ; ಅದನ್ನು ಹಿಂತೆಗೆದುಕೊಳ್ಳುತ್ತೇನೆ. ಅಭಿಪ್ರಾಯವನ್ನು ಮಾತ್ರ ಹಿಂತೆಗೆದುಕೊಳ್ಳಲಾರೆ.

ನಿಮಗಾದ ಆಘಾತ ಹೊಸದಲ್ಲ. ‘ಝೀಟಾ’ದ ಐವತ್ತನೆಯ ಕಂತು ಜಪಾನಿನಲ್ಲಿ ಪ್ರಸಾರವಾದದ್ದು 1986ರ ಫೆಬ್ರವರಿ 22ರಂದು; ‘ಡಬಲ್ ಝೀಟಾ’ ಶುರುವಾದದ್ದು ಮಾರ್ಚ್ 1ರಂದು. ನಡುವೆ ಒಂದೇ ಒಂದು ವಾರ. ಆ ಕೊನೆಯ ಕಂತಿನಲ್ಲಿ ಮನಸ್ಸು ಒಡೆದುಹೋದ ಕಥಾನಾಯಕ ಕಮೀಲ್, ಆಕಾಶದಲ್ಲಿ ಹೊತ್ತಿ ಆರುವ ಬೆಳಕನ್ನು ಕಂಡು ಅದು ಧೂಮಕೇತುವೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ, ಅಲ್ಲವೆಂದು ತಾನೇ ಉತ್ತರಿಸುತ್ತಾನೆ, ಒಳಗೆ ಸೆಕೆಯೆಂದು ಗೊಣಗುತ್ತಾನೆ, ತನ್ನನ್ನು ಹೊರಗೆ ಬಿಡಿ ಎಂದು ಯಾರನ್ನೋ ಕರೆಯುತ್ತಾನೆ. ಇದನ್ನು ನೋಡಿ ಟಿ.ವಿ. ಆರಿಸಿದ ಮಕ್ಕಳು ಮುಂದಿನ ಶನಿವಾರ ಅದೇ ಹೊತ್ತಿಗೆ ಬಂದು ಕೂತಾಗ ಕೇಳಿಸಿದ್ದು, ಯಾಸುಶಿ ಅಕಿಮೋತೊ ಬರೆದು ಮಸಾತೊ ಅರಾಯ್ ಹಾಡಿದ ಕುಣಿಸುವ ಶೀರ್ಷಿಕೆ ಗೀತೆ. ಅದರ ಹೆಸರಿಗೇ ‘ಇದು ಅನಿಮೆಯಲ್ಲ’ ಎಂದರ್ಥ. ಹಿಂದಿನ ವಾರದವರೆಗೂ ಹಿರೋಕೊ ಮೊರಿಗುಚಿಯ ವಿಷಾದದ ದನಿಗೆ ಹೊಂದಿಕೊಂಡಿದ್ದ ಕಿವಿಗಳಿಗೆ ಇದು ಹೇಗೆ ಕೇಳಿಸಿರಬೇಕೆಂದು ಊಹಿಸುವುದು ಕಷ್ಟವಲ್ಲ. ನೀವಾದರೂ ನಡುವೆ ಒಂದು ರಾತ್ರಿಯನ್ನಷ್ಟೇ ಕೊಟ್ಟಿರಿ.

ನಿರ್ದೇಶಕ ಯೊಶಿಯುಕಿ ತೊಮಿನೊ ಅವರಿಗೆ ಇದು ಒಂದು ವಾಡಿಕೆಯೇ ಆಗಿತ್ತೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಮಕ್ಕಳ ಕಾರ್ಯಕ್ರಮವೆಂದು ನಂಬಿ ಕೂತವರನ್ನು ಸಾವಿನ ಮೇಲೆ ಸಾವು ತೋರಿಸಿ ಬೆಚ್ಚಿಬೀಳಿಸಿದ ‘ಝಂಬಾಟ್ 3’ ಮುಗಿದ ಕೆಲವೇ ತಿಂಗಳಲ್ಲಿ, 1978ರಲ್ಲಿ, ಅವರು ನಗೆಚಾಟಿಕೆಯ ‘ಡೈಟಾರ್ನ್ 3’ ಮಾಡಿದರು. 1980ರ ದುರಂತಕಥೆ ‘ಇಡಿಯಾನ್’ ಮುಗಿದ ಮರುವರ್ಷ ‘ಝಬುಂಗಲ್’ ಬಂದಿತು, ಅದರಲ್ಲಂತೂ ಪಾತ್ರಗಳು ಬಿದ್ದು ಎದ್ದು ಓಡುವುದೇ ಕಥೆ. ಆದರೆ ಅವೆಲ್ಲ ಬೇರೆ ಬೇರೆ ಲೋಕದ ಕಥೆಗಳಾಗಿದ್ದುದರಿಂದ, ಒಂದರ ದುಃಖ ಇನ್ನೊಂದರ ನಗೆಯನ್ನು ತಡೆಯುತ್ತಿರಲಿಲ್ಲ. ‘ಡಬಲ್ ಝೀಟಾ’ಕ್ಕೆ ಆ ಅನುಕೂಲವಿಲ್ಲ. ಅದೇ ನೌಕೆ, ಅದೇ ಯುದ್ಧ, ಅದೇ ಕ್ಯಾಪ್ಟನ್ ಬ್ರೈಟ್. ಮತ್ತು ಕಂಗೆಟ್ಟ ಆ ನೌಕೆಯಲ್ಲಿ ಗೆಳತಿ ಫಾಳ ಆರೈಕೆಯಲ್ಲಿರುವ ಅದೇ ಕಮೀಲ್. (ಆ ನೌಕೆಯನ್ನು ಇಂಗ್ಲಿಷಿನಲ್ಲಿ ‘ಅರ್ಗಾಮಾ’ ಎಂದು ಬರೆದರೂ, ಜಪಾನೀ ದನಿಯಲ್ಲಿ ಅದು ನಮ್ಮ ‘ಆಗಮ’ ಎಂದೇ ಕೇಳಿಸುತ್ತದೆ. ಮೊದಲ ಸಲ ಕೇಳಿದಾಗ ನಾನು ಹಿಂದಕ್ಕೆ ಹೋಗಿ ಇನ್ನೊಮ್ಮೆ ಕೇಳಿಸಿಕೊಂಡೆ.)

ಹಾಗಾಗಿ ಓಲಗದ ನಿಮ್ಮ ಮಾತು ಒಪ್ಪತಕ್ಕದ್ದೇ. ನನ್ನ ಪ್ರಶ್ನೆ ಬೇರೆ: ಓಲಗ ಊದುತ್ತಿರುವವರು ಯಾರು?

ಅವರು ಆ ಮನೆಯವರಲ್ಲ. ಹೊಸ ಸರಣಿಯ ನಾಯಕ ಜುಡೋ ಅಷ್ಟ ಹದಿನಾಲ್ಕು ವರ್ಷದವನು. ಬಾಹ್ಯಾಕಾಶದ ಹಳೆಯ ವಸಾಹತಾದ ಶಾಂಗ್ರಿ-ಲಾದಲ್ಲಿ ಗೆಳೆಯರ ಜೊತೆ ಗುಜರಿ ಆಯ್ದು ಮಾರುವವನು. ಊರಿನ ಹೆಸರು ಸ್ವರ್ಗದ್ದು, ಬದುಕು ತಿಪ್ಪೆಯದು. ಅಪ್ಪ ಅಮ್ಮ ದುಡಿಯಲು ಬೇರೆಡೆಗೆ ಹೋಗಿದ್ದಾರೆ, ಮನೆಯಲ್ಲಿ ತಂಗಿ ಲೀನಾ ಇದ್ದಾಳೆ, ಅವಳನ್ನು ಒಳ್ಳೆಯ ಶಾಲೆಗೆ ಸೇರಿಸಬೇಕೆಂಬುದು ಅವನಿಗಿರುವ ಏಕೈಕ ಹಠ. ಅಂಥವನ ಕಣ್ಣಿಗೆ ಕಮೀಲ್‌ನ ಯುದ್ಧಯಂತ್ರವಾದ ಝೀಟಾ ಗುಂಡಮ್ ಮನುಕುಲದ ಭವಿಷ್ಯವಾಗಿ ಕಾಣುವುದಿಲ್ಲ, ಒಳ್ಳೆಯ ಬೆಲೆ ಬರುವ ಗುಜರಿಯಾಗಿ ಕಾಣುತ್ತದೆ. ಐವತ್ತು ಕಂತುಗಳ ಉದ್ದಕ್ಕೂ ದೊಡ್ಡವರು ಯಾವ ಯಂತ್ರದ ಮುಂದೆ ನಿಂತು ಆದರ್ಶಗಳ ಭಾಷಣ ಮಾಡಿದ್ದರೋ ಅದನ್ನು ಈ ಹುಡುಗರು ಕದ್ದು ಮಾರಲು ಹೊರಡುತ್ತಾರೆ. ನನಗೆ ಇಲ್ಲಿ ನಗು ಬಂದಿತು, ಆ ನಗು ಹಿಂದಿನ ಸರಣಿಗೆ ಮಾಡಿದ ಅವಮಾನವೆಂದು ತೋರಲಿಲ್ಲ. ಯುದ್ಧದಲ್ಲಿ ಪಾಲಿಲ್ಲದವನಿಗೆ ಯುದ್ಧ ಹೀಗೇ ಕಾಣಬೇಕು.

ನೀವು ದಾಟಿ ಬಂದ ಒಂದು ಜಾಗವನ್ನು ಮತ್ತೆ ನೋಡುವಂತೆ ಕೇಳಿಕೊಳ್ಳುತ್ತೇನೆ. ಕಳ್ಳತನಕ್ಕೆ ಹಿಂದಿನ ಸರಣಿಯ ಖಳ ಯಾಜಾನ್ ಜೊತೆಯಾಗುತ್ತಾನಷ್ಟೆ. ಹುಡುಗರಿಗೆ ಅದೊಂದು ಆಟ. ಆದರೆ ಅವನು ನೌಕೆಯ ಸಿಬ್ಬಂದಿಯೊಬ್ಬನನ್ನು ಕೊಂದ ಗಳಿಗೆಯಲ್ಲಿ ಜುಡೋನ ಮುಖ ಬದಲಾಗುತ್ತದೆ, ಮತ್ತು ಮಾರಲೆಂದು ಹೊರಟಿದ್ದ ಯಂತ್ರವನ್ನೇರಿ ಅವನು ತನ್ನ ಪಾಲುದಾರನ ಮೇಲೆಯೇ ತಿರುಗಿ ಬೀಳುತ್ತಾನೆ. ಕಮೀಲ್‌ನ ಕೈ ಜುಡೋನ ಕೈಯನ್ನು ಮುಟ್ಟುವ ದೃಶ್ಯವೂ ಶಾಂಗ್ರಿ-ಲಾದ್ದೇ. ಮಾತಾಡಲಾರದವನೊಬ್ಬ, ಮಾತು ನಿಲ್ಲಿಸದವನೊಬ್ಬ. ಏನೋ ದಾಟಿತೆಂಬುದು ಜುಡೋಗೆ ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಕೋಡಂಗಿಯಾಟದ ನಡುವೆ ಆ ಕೈಯನ್ನು ಇಡದೆ ಹೋಗಿದ್ದರೆ ನಾನೂ ನಿಮ್ಮ ಹಾಗೆ ಆರಕ್ಕೇ ನಿಲ್ಲಿಸುತ್ತಿದ್ದೆನೇನೋ.

ಇನ್ನು, ಎಲ್ಲ ಹಾಸ್ಯವನ್ನೂ ನಾನು ಸಮರ್ಥಿಸುತ್ತೇನೆಂದು ಭಾವಿಸಬೇಡಿ. ಹಿಂದಿನ ಸರಣಿಯಲ್ಲಿ ರಾಡಿಶ್ ನೌಕೆಯನ್ನೇ ನಾಶಮಾಡಿದ ಯಾಜಾನ್‌ನನ್ನು ಇಲ್ಲಿ ಹಸಿದು ಅಲೆಯುವ ಬೆಪ್ಪನನ್ನಾಗಿ ಮಾಡಿದ್ದು ನನಗೂ ಒಪ್ಪಿಗೆಯಿಲ್ಲ. ಭಯ ಹುಟ್ಟಿಸಿದವನನ್ನು ನಗೆಪಾಟಲಿಗೆ ಗುರಿಮಾಡಿದರೆ ಹಿಂದೆ ನಾವು ಪಟ್ಟ ಭಯವೂ ಸುಳ್ಳಾಗುತ್ತದೆ. ಮಶ್ಮರ್ ಸೆಲ್ಲೋ ವಿಷಯದಲ್ಲಿ ನಾನು ಅಷ್ಟು ಕಟುವಾಗಲಾರೆ. ಶತ್ರುಪಕ್ಷದ ನಾಯಕಿ ಹಮಾನ್ ಕರ್ನ್ ಕೊಟ್ಟ ಗುಲಾಬಿಯನ್ನು ಮೂಸುತ್ತಾ ಮೈಮರೆಯುವ, ಕೈಕೆಳಗಿನ ಗೊಟ್ಟನ್ ತಲೆ ಚಚ್ಚಿಕೊಳ್ಳುವಷ್ಟು ಧರ್ಮಯುದ್ಧದ ಮಾತಾಡುವ ಈ ಸೇನಾನಿಯನ್ನು ಕಂಡಾಗಲೆಲ್ಲ ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೆಂಬ ಮಾತು ನೆನಪಾಗುತ್ತದೆ. ಅವನು ನಮ್ಮ ನಗೆಗೆ ಯೋಗ್ಯನೇ, ಆದರೆ ಒಂದೇ ಚೇಷ್ಟೆಯನ್ನು ಐದು ಕಂತು ಎಳೆದಿದ್ದಾರೆ. ಹುಡುಗರು ನೌಕೆಗೆ ಬಂದು, ಓಡಿಹೋಗಿ, ಮತ್ತೆ ಬರುವುದೂ ಹಾಗೆಯೇ. ಅಷ್ಟನ್ನು ಅರ್ಧದಲ್ಲಿ ಮುಗಿಸಬಹುದಿತ್ತು.

‘ಹಗುರಾದ ಕಂತುಗಳನ್ನು ಹಾರಿಸಿ ನೇರವಾಗಿ ಮುಂದಕ್ಕೆ ಹೋಗಬಹುದೇ’ ಎಂದು ಕೇಳಿದ್ದೀರಿ. ಹಾರಿಸುವುದಾದರೆ ಮೊದಲ ಕಂತೊಂದನ್ನು ಹಾರಿಸಬಹುದು, ಅದು ಹಿಂದಿನದರ ಪರಿಚಯವಷ್ಟೇ. ನಿಮಗೆ ಅದರ ಅಗತ್ಯವಿರಲಿಲ್ಲ. ಉಳಿದವನ್ನು ಹಾರಿಸಬೇಡಿ. ಮುಂದಿನ ಕಥೆಯನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಈ ಹುಡುಗರಿಗೆ ನಗು ಬೆಲೆಬಾಳುವ ವಸ್ತುವಾಗುವ ದಿನ ಬರುತ್ತದೆ, ಮೊದಲು ಅದು ಎಷ್ಟು ಅಗ್ಗವಾಗಿತ್ತೆಂಬುದನ್ನು ನೋಡಿರದಿದ್ದರೆ ಆ ದಿನ ನಿಮ್ಮನ್ನು ತಟ್ಟುವುದಿಲ್ಲ. ಹಿಂದಿನ ಸರಣಿಯ ಪ್ರಮುಖ ಪಾತ್ರವಾದ ಶಾರ್ ಯಾವಾಗ ಬರುತ್ತಾನೆಂದೂ ಕೇಳಿದ್ದೀರಿ. ಅವನಿಗಾಗಿ ಕಾಯಬೇಡಿ, ಅವನ ಕಥೆ ಮುಂದುವರಿಯುವುದು 1988ರ ಚಲನಚಿತ್ರದಲ್ಲಿ. ಸರಣಿಗೆ ಹೆಸರು ಕೊಟ್ಟ ಡಬಲ್ ಝೀಟಾ ಯಂತ್ರವೂ ಎದ್ದು ನಿಲ್ಲುವುದು ಹನ್ನೊಂದನೆಯ ಕಂತಿನಲ್ಲಿ, ಅಂದರೆ ನೀವು ನಿಲ್ಲಿಸಿದ್ದು ನಾಯಕನ ಪ್ರವೇಶಕ್ಕೆ ಮೊದಲೇ.

ನಮ್ಮ ಟಿಪ್ಪಣಿಯಲ್ಲಿ ‘ಡಬಲ್ ಝೀಟಾ’ದ ಕಂತುಗಳ ಸಂಖ್ಯೆ 50 ಎಂದು ಅಚ್ಚಾಗಿರುವುದನ್ನು ನೀವು ಪತ್ರದ ಅಂಚಿನಲ್ಲಿ ತಿದ್ದಿ ಕಳುಹಿಸಿದ್ದೀರಿ. ನಿಮ್ಮ ತಿದ್ದುಪಡಿ ಸರಿ: 50 ‘ಝೀಟಾ’ದ ಲೆಕ್ಕ, ಇದರದು 47. ಕರಡು ತಿದ್ದಿದವನು ನಾನೇ, ತಪ್ಪೂ ನನ್ನದೇ.

— ಸಂಪಾದಕ