ಚಳಿಗಾಲದ ನೋಟ್‌ಬುಕ್

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಆಕೆಗೆ ಮೂವತ್ತೈದರ ಆಸುಪಾಸು. ಬ್ಯಾಂಕ್ ಕೆಲಸ, ಅಮ್ಮನ ಜೊತೆ ವಾಸ. ನನ್ನ ಹತ್ತಿರ ಸಲಹೆಗೆ ಬಂದವರು ಕೂತ ಕೂಡಲೇ ಕೇಳಿದರು: "ಮೇಡಂ, ಜೈಸಲ್ಮೇರ್ ಕಡೆ ಹೋಗಿ ಅಲ್ಲೇ ಇದ್ದುಬಿಡಬೇಕು ಅನ್ನಿಸುತ್ತೆ. ಇದು ಹುಚ್ಚಾ?"

ಅಲ್ಲ ಅಂದೆ. ಹೆಬ್ಬಕ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್ ಹಕ್ಕಿಯ ಮಾತು ಬಂದರೆ ಸಾಕು, ಆಕೆಯ ಕಣ್ಣು ತುಂಬುತ್ತದೆ. ದೇಶದಲ್ಲಿ ಬಯಲಲ್ಲಿ ಉಳಿದಿರುವುದು 150ಕ್ಕೂ ಕಡಿಮೆ, ಹೆಚ್ಚಿನವು ಥಾರ್ ಮರುಭೂಮಿಯಲ್ಲೇ, ಅಲ್ಲೂ ವಿದ್ಯುತ್ ತಂತಿಗೆ ಬಡಿದು ಸಾಯುತ್ತಿವೆ. ಅಂಥ ಹಕ್ಕಿಯ ಕಡೆಗೆ ಜೀವ ಎಳೆದರೆ ಅದರಲ್ಲಿ ತಪ್ಪೇನಿದೆ?

ಆಮೇಲೆ ಆಕೆಯ ನೋಟ್‌ಬುಕ್ ನೋಡಿದೆ. ಐದು ವರ್ಷದ ಬರಹ, ಮೂಲೆಗಳು ಮಡಚಿಹೋಗಿವೆ, ಪುಟಗಳ ನಡುವೆ ಇನ್ನೂ ಮರಳು. ಮರುಭೂಮಿ ನರಿ, ಚಿಂಕಾರ, ಖೀಚನ್ ಊರಿಗೆ ಬರುವ ಕೊಕ್ಕರೆಯಂಥ ಕ್ರೇನ್ ಹಕ್ಕಿಗಳು, ಎಲ್ಲಾ ಇವೆ. ಆದರೆ ಪ್ರತಿ ತಾರೀಕೂ ನವೆಂಬರ್‌ನಿಂದ ಫೆಬ್ರವರಿ ಒಳಗೇ. ಹೆಬ್ಬಕ ನೆಲದ ಮೇಲೆ ಆ ಒಂದೇ ಒಂದು ಮೊಟ್ಟೆ ಇಡುವುದು ಹೆಚ್ಚಾಗಿ ಬೇಸಿಗೆ, ಮಳೆಗಾಲದಲ್ಲಿ ಅಂತ ಆಕೆಯೇ ಹೇಳಿದರು, ಹೇಳಿ ಸುಮ್ಮನಾದರು. ಮನುಷ್ಯರ ಹೆಸರು ಹುಡುಕಿದೆ. ಜೀಪ್ ಓಡಿಸುವವನದು ಒಂದೇ ಇತ್ತು.

ನನಗೆ ಚಿಂತೆ ಆಗಿದ್ದು ಅದೇ. ಹಕ್ಕಿ ನೋಡೋಕೆ ಹೋಗುವುದು ಬೇರೆ, ಅಲ್ಲೇ ಬಾಳುವುದು ಬೇರೆ. ಜ್ವರ ಬಂದ ದಿನ ಬಾಗಿಲು ತಟ್ಟುವುದು ಪಕ್ಕದ ಮನೆಯವರೇ ಅಲ್ವಾ?

ನಾನು ಹೇಳಿದ್ದು ಇಷ್ಟು. ರಾಜೀನಾಮೆ ಈಗ ಕೊಡಬೇಡಿ, ರಜೆ ಹಾಕಿ. ಮೇ ತಿಂಗಳಲ್ಲಿ ಹೋಗಿ, ಬಿಸಿಲು 45 ಡಿಗ್ರಿ ದಾಟುವಾಗ. ರೆಸಾರ್ಟ್ ಬೇಡ, ಹಳ್ಳಿಯಲ್ಲಿ ಒಂದು ಕೋಣೆ ಹಿಡಿಯಿರಿ, ನಾಲ್ಕು ಮಾತು ಮಾರವಾಡಿ ಕಲಿಯಿರಿ. ಹಕ್ಕಿ ಉಳಿಸುವ ಕೆಲಸದಲ್ಲಿ ಇರುವವರನ್ನು "ನನ್ನಿಂದ ಏನು ಉಪಯೋಗ ಆಗುತ್ತೆ?" ಅಂತ ಕೇಳಿ. ಲೆಕ್ಕ ಬರೆಯೋದು ಬೇಕು ಅಂದರೂ ಬೇಸರ ಮಾಡಿಕೊಳ್ಳಬೇಡಿ, ನಿಮಗೆ ಚೆನ್ನಾಗಿ ಬರುವುದು ಅದೇ. ಗೂಡಿನ ಹತ್ತಿರ ಮಾತ್ರ ಹೋಗಬೇಡಿ. ಮತ್ತೆ ಅಮ್ಮನಿಗೆ ಇವತ್ತೇ ಹೇಳಿ, ಟಿಕೆಟ್ ಆದಮೇಲೆ ಅಲ್ಲ.

ಐದು ವಾರ ಇದ್ದು ಬಂದರು. ಮುಖ ಕಪ್ಪಾಗಿತ್ತು, ಎರಡು ಸಲ ಅತ್ತಿದ್ದರಂತೆ, ಒಮ್ಮೆ ಬಿಸಿಲಿಗೆ, ಒಮ್ಮೆ ಒಂಟಿತನಕ್ಕೆ. ಹೆಬ್ಬಕ ಒಂದೂ ಕಾಣಲಿಲ್ಲ. ನೋಟ್‌ಬುಕ್ ತೆರೆದು ತೋರಿಸಿದರು: ಹೊಸ ಪುಟದಲ್ಲಿ ಹನ್ನೊಂದು ಹೆಸರು, ಎಲ್ಲಾ ಹೆಂಗಸರದ್ದು, ಪಕ್ಕದಲ್ಲಿ ಯಾರ ಮನೆಯಲ್ಲಿ ಎಷ್ಟು ಆಡು ಅಂತ. ಮಳೆಗಾಲಕ್ಕೆ ಮತ್ತೆ ಹೋಗುತ್ತಾರೆ. ಈ ಸಲ ಅಮ್ಮನೂ ಹದಿನೈದು ದಿನ ಜೊತೆಗಿರುತ್ತಾರೆ.