ಮುಳುಗಡೆ ಬಗ್ಗೆ ಕಾದಂಬರಿ ಬರೆಯುವಾಗ ಲೇಖಕ ಪಕ್ಷ ವಹಿಸಬೇಕಾ, ತಟಸ್ಥವಾಗಿರಬೇಕಾ?

ನಿಮ್ಮಜ್ಜನ ಊರು ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ಹೋಯ್ತು ಅಂತ ಬರೆದಿದೀರಲ್ಲ, ನಮ್ಮಜ್ಜಂದೂ ಅಲ್ಲೇ ಹೋಗಿದ್ದು. ಹಾಗಾಗಿ ಸುಮ್ನೆ ಓದಿ ಮುಂದೆ ಹೋಗೋಕೆ ಆಗ್ಲಿಲ್ಲ.

2006ರಲ್ಲಿ ನಾನೂ ಇದೇ ವಿಷಯಕ್ಕೆ ಒಂದು ಕಥೆ ಬರೆದೆ, ಒಂದು ವಿಶೇಷಾಂಕಕ್ಕೆ. ಪಕ್ಷ ವಹಿಸೋದ್ರಲ್ಲಿ ನಂಗೆ ಅನುಮಾನವೇ ಇರ್ಲಿಲ್ಲ. 1964ರಲ್ಲಿ ಅಣೆಕಟ್ಟು ಮುಗೀತು, ಕರೆಂಟು ಎಲ್ಲೆಲ್ಲಿಗೋ ಹೋಯ್ತು, ಹಿನ್ನೀರಿನ ಆಚೆ ಉಳಿದ ಊರುಗಳು ಎಷ್ಟೋ ವರ್ಷ ಚಿಮಣಿ ಬುಡ್ಡೀಲೇ ಇದ್ವು, ಎಬ್ಬಿಸಿ ಕಳಿಸಿದ ಜನಕ್ಕೆ ಹಕ್ಕುಪತ್ರದ ಗೋಳು ಇವತ್ತಿಗೂ ಮುಗಿದಿಲ್ಲ. ಇಷ್ಟು ಗೊತ್ತಿದ್ಮೇಲೆ ಇನ್ನೇನು ಯೋಚನೆ ಮಾಡೋದು, ಸರ್ಕಾರ ಒಂದು ಕಡೆ, ಮುಳುಗಿದವರೆಲ್ಲ ಇನ್ನೊಂದು ಕಡೆ ಅಂತ ನಾನು ಬರೆಯೋಕೆ ಮುಂಚೆನೇ ತೀರ್ಮಾನ ಮಾಡ್ಕೊಂಡಿದ್ದೆ.

ನಮ್ಮಜ್ಜನ ಗದ್ದೆನ ಗೇಣಿಗೆ ಮಾಡ್ತಿದ್ದ ಮನೆಯ ಒಬ್ರು ಅಜ್ಜಿ ಇನ್ನೂ ಇದ್ರು. ಹುಡುಕ್ಕೊಂಡು ಹೋಗಿ ಮೂರು ದಿನ ಅವ್ರ ಜಗಲೀಲಿ ಕೂತೆ. ನೀರು ನುಗ್ಗಿ ಬರ್ಲಿಲ್ವಂತೆ, ದಿನಾ ಒಂದೊಂದೇ ಗದ್ದೆ ಅಂಚು ಹತ್ಕೊಂಡು ಬಂತಂತೆ. ಮರದ ಸಾಮಾನು ಹಾಳಾಗ್ಬಾರ್ದು ಅಂತ ಬಾಗಿಲು, ದಾರಂದ ಎಲ್ಲಾ ಮೊದಲೇ ಬಿಚ್ಚಿ ಗಾಡೀಲಿ ಕಳಿಸಿ, ಕೊನೇ ರಾತ್ರಿ ಬಾಗಿಲೇ ಇಲ್ಲದ ಮನೇಲಿ ಮಕ್ಕಳನ್ನ ಮಧ್ಯ ಹಾಕ್ಕೊಂಡು ಮಲಗಿದ್ರಂತೆ. ಇದನ್ನೆಲ್ಲ ಹೇಳ್ತಾ ಹೇಳ್ತಾ ಅಡಿಕೆ ಸುಲಿಯೋದನ್ನ ನಿಲ್ಲಿಸದೇನೇ ಒಂದು ಮಾತಂದ್ರು: "ನಿಮ್ಮಜ್ಜಂಗೆ ಕಾಗ್ದ ಬಂತು ಸಣ್ಣೊಡೇರೆ, ನಮ್ಗೆ ನೀರು ಬಂತು."

ಕಾಗದ ಅಂದ್ರೆ ಪರಿಹಾರದ ನೋಟೀಸು. ಪಹಣೀಲಿ ಹೆಸರಿದ್ದದ್ದು ನಮ್ಮಜ್ಜಂದು, ಕೆಸರಲ್ಲಿ ಕಾಲಿದ್ದದ್ದು ಅವ್ರದ್ದು, ದುಡ್ಡು ಹೋಗಿದ್ದು ಹೆಸರಿದ್ದ ಕಡೆಗೆ.

ಆ ಮಾತನ್ನ ನಾನು ಕಥೇಲಿ ಹಾಕ್ಲಿಲ್ಲ. ನಾನು ಮಾಡಿದ ತಪ್ಪು ಇದೇ. ಮರೆತು ಬಿಟ್ಟಿದ್ದಲ್ಲ, ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದೆ, ಅದರ ಕೆಳಗೆ ಗೆರೆನೂ ಎಳೆದಿದ್ದೆ. ಆದ್ರೆ ಅದನ್ನ ಹಾಕಿದ್ರೆ ನಮ್ಮಜ್ಜ ಯಾವ ಕಡೆ ಬರ್ತಾರೆ ಅನ್ನೋ ಪ್ರಶ್ನೆ ಏಳುತ್ತೆ, ಆಮೇಲೆ ನಾನು ಯಾವ ಕಡೆ ಅನ್ನೋದೂ ಬರುತ್ತೆ, ಅದಕ್ಕೇ "ಕಥೆ ದಿಕ್ಕು ತಪ್ಪುತ್ತೆ" ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಅಷ್ಟಕ್ಕೇ ಬಿಡ್ಲಿಲ್ಲ. ಎಪ್ಪತ್ತರ ಹತ್ರದ ಅಜ್ಜಿ ಮೂವತ್ತು ದಾಟದ ನನ್ನನ್ನ ಮೂರು ದಿನವೂ ಸಣ್ಣೊಡೇರೆ ಅಂತಾನೇ ಕರೆದಿದ್ರು, ಕಥೇಲಿ ಅದನ್ನ "ಮಗಾ" ಅಂತ ಮಾಡಿದೆ. ಒಂದೇ ಒಂದು ಪದ. ಆದ್ರೆ ಗೇಣಿ, ಒಡೆತನ, ಜಾತಿ, ಅಜ್ಜಿ ಜಗಲೀಲಿ ನಂಗೆ ಮಾತ್ರ ಚಾಪೆ ಹಾಸಿ ತಾವು ನೆಲದ ಮೇಲೆ ಕೂತಿದ್ದು, ಎಲ್ಲ ಆ ಒಂದು ಪದದ ಜೊತೆ ಅಳಿಸಿ ಹೋಯ್ತು. ಕಾಗೋಡು ಸತ್ಯಾಗ್ರಹ ನಡೆದಿದ್ದೂ ಇದೇ ಸಾಗರ ತಾಲ್ಲೂಕಲ್ಲಿ, 1951ರಲ್ಲಿ, ಸಮಾಜವಾದಿ ನಾಯಕ ಲೋಹಿಯಾ ಬಂದು ಅರೆಸ್ಟ್ ಆಗಿದ್ದ ಗೇಣಿದಾರರ ಹೋರಾಟ. ಅಜ್ಜಿ ಬಾಯಲ್ಲಿ ಅದರ ಬಗ್ಗೆ ಒಂದು ಪುಟ ಭಾಷಣ ಇಟ್ಟೆ ನಾನು, ಆದ್ರೆ ಆ ಹೋರಾಟ ಯಾರ ವಿರುದ್ಧ ಇತ್ತೋ ಆ ಮನೆಯವನೇ ಇದನ್ನ ಬರೀತಿದೀನಿ ಅಂತ ಎಲ್ಲೂ ಹೇಳ್ಲಿಲ್ಲ.

ಕಥೆ ಅಚ್ಚಾಯ್ತು, ಹೊಗಳಿ ಕಾಗದಗಳೂ ಬಂದ್ವು. ಪ್ರತಿ ಕೊಡೋಕೆ ಹೋದಾಗ ಅಜ್ಜಿ ಮೊಮ್ಮಗಳು ನನ್ನೆದುರೇ ಜೋರಾಗಿ ಓದಿ ಹೇಳಿದ್ಲು. ಅಜ್ಜಿ ಪೂರ್ತಿ ಕೇಳಿ, "ಪಾಪ, ಯಾರದಿದು?" ಅಂದ್ರು. ಬೇರೆ ಯಾವ್ದೋ ಊರಿನ ಹೆಂಗಸಿನ ಕಥೆ ಅನ್ಕೊಂಡಿದ್ರು.

ಅದಕ್ಕೇ ನಿಮ್ಮ ಪ್ರಶ್ನೆನೇ ನಾನು ಒಪ್ಪಲ್ಲ. ಪಕ್ಷನಾ ತಟಸ್ಥನಾ ಅಂತ ನೀವು ಈಗ ಹೊಸದಾಗಿ ಆರಿಸೋಕೆ ಏನೂ ಉಳಿದಿಲ್ಲ, ನಿಮ್ಮಜ್ಜನ ಮನೆ ಎಲ್ಲಿತ್ತು ಅನ್ನೋದ್ರಲ್ಲೇ ಅದು ಅರ್ಧ ತೀರ್ಮಾನ ಆಗಿದೆ. ಹಾಗಂತ ಒಡೆಯರ ಕಡೆಯವರು, ಸರ್ಕಾರದ ಕಡೆಯವರು ಬರೀಬಾರ್ದು ಅಂತಲ್ಲ. ನಾ. ಡಿಸೋಜ ಅವ್ರು ಕೆಲಸ ಮಾಡ್ತಿದ್ದದ್ದೇ ಲೋಕೋಪಯೋಗಿ ಇಲಾಖೇಲಿ, ಶರಾವತಿ ಯೋಜನೇಲೇ ಇದ್ದವರು, ಅವ್ರೇ ಮುಳುಗಿದವರ ಬಗ್ಗೆ ಕಾದಂಬರಿ ಬರೆದ್ರು. ಭಾಷಣ ಬೇಕೇ ಬೇಕು ಅನ್ನೋದೂ ಸುಳ್ಳು. ದೇವನೂರ ಮಹಾದೇವರ 'ಒಡಲಾಳ' ಕೃತೀಲಿ ಇಡೀ ಮನೆ ಕೂತು ಕದ್ದ ಕಡಲೇಕಾಯಿ ತಿನ್ನೋ ಭಾಗ ಇದೆಯಲ್ಲ, ಅಲ್ಲಿ ಯಾರೂ ಅನ್ಯಾಯ ಅಂತ ಕೂಗಲ್ಲ, ಆದ್ರೂ ಹಸಿವು ಅಂದ್ರೆ ಏನು ಅಂತ ಓದಿದವನಿಗೆ ಗೊತ್ತಾಗ್ದೇ ಇರಲ್ಲ.

ಮೊದಲ ಅಧ್ಯಾಯಕ್ಕೆ ಮುಂಚೆ ತಾಲ್ಲೂಕು ಆಫೀಸಿಗೆ ಹೋಗಿ ಹಳೇ ಪಹಣಿ ಸಿಗುತ್ತಾ ನೋಡಿ. ನಿಮ್ಮಜ್ಜನ ಹೆಸರು ಮಾಲೀಕರ ಕಡೆ ಇದ್ಯಾ, ಸಾಗುವಳಿ ಮಾಡ್ತಿದ್ದವರ ಕಡೆ ಇದ್ಯಾ, ಎರಡೂ ಕಡೆ ಇಲ್ವಾ. ಆಮೇಲೆ ಆ ಊರಿನ ಹಿರಿಯರು ಯಾರಾದ್ರೂ ಉಳಿದಿದ್ರೆ ಬೇಗ ಹೋಗಿ, ಮತ್ತೆ ಅವ್ರು ನಿಮ್ಮನ್ನ ಏನಂತ ಕರೀತಾರೋ ಅದನ್ನ ಹಾಗೇ ಬರ್ಕೊಳ್ಳಿ, ದಯವಿಟ್ಟು ತಿದ್ದಬೇಡಿ. ನಾನು ಎರಡನೇ ಸಲ ಬರೆಯೋಣ ಅಂತ ಹೋಗೋ ಹೊತ್ತಿಗೆ ಅಜ್ಜಿ ಇರ್ಲಿಲ್ಲ.